ಎರಡನೇ ಪ್ರತಿವಾದಿ ವರಲಕ್ಷ್ಮಮ್ಮ

ಬಂಗಾರಪೇಟೆ ಹತ್ತಿರದ ಹಳ್ಳಿಯೊಂದರಲ್ಲಿ ಎರಡು ಸೀಮೆಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು, ಯಾರ ತಂಟೆಗೂ ಹೋಗದೆ ಇದ್ದವಳು ವರಲಕ್ಷ್ಮಮ್ಮ. ಅಂಥವಳ ಬಾಗಿಲಿಗೆ ಒಂದು ದಿನ ಕೋರ್ಟಿನ ಅಮೀನ ಬಂದು ಸಮನ್ಸ್ ಕೊಟ್ಟು ಹೋದ. ಅಕ್ಷರ ಕೂಡಿಸಿಕೊಂಡು ಓದಿದಳು. ವಾದಿ: ಅಮ್ಮಾಜಮ್ಮ. ಒಂದನೇ ಪ್ರತಿವಾದಿ: ಶ್ರೀನಿವಾಸಪ್ಪ. ಎರಡನೇ ಪ್ರತಿವಾದಿ: ವರಲಕ್ಷ್ಮಮ್ಮ.

ಅಮ್ಮಾಜಮ್ಮ ಉರಿಗಾಂನಲ್ಲಿರುವ ಅಕ್ಕ; ತಾಯಿ ಸತ್ತ ಮೇಲೆ ಇವಳನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಶ್ರೀನಿವಾಸಪ್ಪ ಅಣ್ಣ, ಅಪ್ಪನ ಜಮೀನನ್ನೆಲ್ಲ ಒಬ್ಬನೇ ಉಳುತ್ತಿದ್ದವನು. ಪಾಲು ಕೇಳೋಣ, ನೀನೂ ಸಹಿ ಹಾಕು ಎಂದು ಅಕ್ಕ ಹಿಂದೆಯೇ ಕರೆದಿದ್ದಳು. ತವರು ಕಳೆದುಕೊಳ್ಳುವ ಧೈರ್ಯವಿಲ್ಲದೆ ಇವಳು ಒಲ್ಲೆ ಎಂದಿದ್ದಳು. ಅಷ್ಟಕ್ಕೇ ತನ್ನ ಮೇಲೂ ಕೇಸೇ? ತಾನು ಯಾರ ಗಂಟು ತಿಂದಿದ್ದೇನೆ? ಎಷ್ಟು ಯೋಚಿಸಿದರೂ ತಲೆಬುಡ ತಿಳಿಯಲಿಲ್ಲ.

ಅಣ್ಣ ಬಂದವನು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದ. "ನೋಡ್ದೇನಮ್ಮ, ನಿನ್ನೂ ಬುಡಲಿಲ್ಲ ಅವ್ಳು. ಇನ್ಮೇಲೆ ನೀನೂ ನಾನೂ ಒಂದೇ ಕಡೆ," ಎಂದ.

ಆ ಊರಲ್ಲಿ ಒಂದು ಕಟ್ಟುಪಾಡಿದೆ. ಕೋರ್ಟಿಗೆ ಹೋದ ಮನೆಗಳು ಕೇಸು ಮುಗಿಯುವ ತನಕ ಒಬ್ಬರ ನೀರು ಒಬ್ಬರು ಕುಡಿಯುವಂತಿಲ್ಲ. ಕುಡಿದರೆ ರಾಜಿಯಾದ ಹಾಗೆ. ಯಾರು ಮಾಡಿದ್ದೋ, ದೇವರಿಗೇ ಗೊತ್ತು. ಕಾನೂನಿಗಿಂತ ಅದಕ್ಕೇ ಹೆದರುವವರು ಜಾಸ್ತಿ.

ಆಮೇಲೆ ಅಕ್ಕನೇ ಬಂದಳು. ಮಗಳು ಪುಷ್ಪಳ ಸೀಮಂತಕ್ಕೆ ಕರೆಯಲು, ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದು ಜಗಲಿ ಮೇಲೆ ಕೂತಳು. ಕೇಸು ಹಾಕಿದವಳು ಅರಿಶಿನ ಕುಂಕುಮ ಹಿಡಿದು ಬರುವುದೆಂದರೇನು? ಇದು ಪ್ರೀತಿಯೋ, ವಕೀಲರು ಹೇಳಿಕೊಟ್ಟ ಉಪಾಯವೋ? ವರಲಕ್ಷ್ಮಮ್ಮ ಒಳಗೆ ಹೋಗಿ ಚೊಂಬು ತುಂಬಿದಳು, ಮತ್ತೆ ಸುರಿದಳು. ಹೊರಗೆ ಬರಲೇ ಇಲ್ಲ. ಅಕ್ಕ ಬಹಳ ಹೊತ್ತು ಕೂತಿದ್ದು, ಕುಂಕುಮ ಹೊಸಿಲ ಮೇಲಿಟ್ಟು ಎದ್ದು ಹೋದಳು. ಸೀಮಂತಕ್ಕೆ ಇವಳು ಹೋಗಲಿಲ್ಲ. ಆ ದಿನವೆಲ್ಲ ಕೊಟ್ಟಿಗೆಯಲ್ಲಿ ಕೂತು ಅತ್ತಳು. ಯಾಕೆ ಅಳುತ್ತಿದ್ದೇನೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ವಾಯಿದೆಯ ದಿನ ಬಂಗಾರಪೇಟೆಯ ಕೋರ್ಟಿನ ಮುಂದೆ ಅಣ್ಣನ ವಕೀಲ ನರೇಶ್ ವಕಾಲತ್ತಿಗೆ ಸಹಿ ಹಾಕಿ ಎಂದು ಪೆನ್ನು ಕೊಟ್ಟರು. ಹೆಬ್ಬೆರಳೊತ್ತುವ ಕಾಲ ಹೋಗಿದ್ದರೂ ಕೇಳದೆ ಸಹಿ ಹಾಕುವ ಕಾಲ ಇನ್ನೂ ಹೋಗಿಲ್ಲ. ಆದರೆ ಇವಳು ಅವತ್ತು ಕೇಳಿದಳು.

"ಸಾರ್, ನಾನು ಏನು ತಪ್ಪು ಮಾಡಿವ್ನಿ ಅಂತ ಬರ್ಸವ್ಳೆ ನಮ್ಮಕ್ಕ?"

"ತಪ್ಪೇನೂ ಇಲ್ಲಮ್ಮ. ಪಾಲಿನ ಕೇಸಲ್ಲಿ ಹಕ್ಕಿರೋರೆಲ್ಲ ಇರಲೇಬೇಕು, ಒಬ್ಬರನ್ನ ಬಿಟ್ಟರೂ ಕೇಸು ಊರ್ಜಿತವಾಗಲ್ಲ. ದಾವಾ ಹಾಕಿದೋರು ವಾದಿ. ಜೊತೆಗೆ ಸೇರದೆ ಉಳಿದೋರನ್ನ ಪ್ರತಿವಾದಿ ಅಂತ ತೋರಿಸ್ತಾರೆ."

"ಅಂಗಾರೆ ನನ್ನಿಂದ ಏನು ಕೇಳವ್ಳೆ?"

"ನಿಮ್ಮಿಂದ ಏನೂ ಕೇಳಿಲ್ಲ. ಮೂರರಲ್ಲಿ ಒಂದು ಭಾಗ ನಿಮಗೂ ಸೇರಬೇಕು ಅಂತ ಅವರೇ ಬರೆಸಿದ್ದಾರೆ."

ಅಣ್ಣ ಬೇರೆ ಕಡೆ ಮುಖ ತಿರುಗಿಸಿದ. ಇದು ಅವನಿಗೆ ಮೊದಲೇ ಗೊತ್ತಿತ್ತು. ವರಲಕ್ಷ್ಮಮ್ಮ ಪೆನ್ನು ವಕೀಲರ ಕೈಗೇ ಕೊಟ್ಟು, ಹುಣಸೆಮರದ ಕೆಳಗೆ ಒಬ್ಬಳೇ ಕೂತಿದ್ದ ಅಕ್ಕನ ಹತ್ತಿರ ಓಡಿದಳು.

"ಅಕ್ಕಾ, ನಂಗೆ ತಿಳೀಲಿಲ್ಲ. ನನ್ ಮೇಲೆ ಕೇಸಾಕಿದ್ದೀಯ ಅನ್ಕೊಂಡೆ."

ಅಮ್ಮಾಜಮ್ಮ ಅವಳನ್ನೇ ನೋಡಿದಳು. ಕೋಪವಿರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ತಿಳೀದಿದ್ರೆ ಕೇಳ್ಬೋದಾಗಿತ್ತಲ್ಲಮ್ಮ," ಎಂದಳು. "ನಿನ್ ಬಾಗ್ಲಲ್ಲೇ ಕೂತಿದ್ನಲ್ಲ."