ನಮ್ಮ ಮಾವನ ಮೆತ್ತನೆಯ ಮಷೀನು

ನಮ್ಮಕ್ಕ ಸುಂದರವ್ವನ ಗಂಡ ನಾಗಲಿಂಗ ಮಾಸ್ತರರನ್ನು ಇಳಕಲ್ಲಿನಲ್ಲಿ ಅರಿಯದವರಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತಿ ಸಿಕ್ಕಿದ್ದು ನೌಕರಿಗೆ ಮಾತ್ರ, ಬಾಯಿಗಲ್ಲ. ಸಿಕ್ಕವರನ್ನು ಕಟ್ಟೆಯ ಮೇಲೆ ಕೂಡಿಸಿ ಪಾಠ ಹೇಳಬೇಕು, ಕೇಳಿದವರು ಹೂಂ ಅನ್ನಬೇಕು, ಆಮೇಲೆ ಒಳಗಿನಿಂದ ಬಿಸಿ ರೊಟ್ಟಿ ಬರಬೇಕು. ಇಷ್ಟಾದರೆ ಅವರ ಜನ್ಮ ಪಾವನ.

ಹೋದ ಬೇಸಿಗೆಯಲ್ಲಿ ಅಕ್ಕನ ಕಾಲು ಬಾತವು, ಅಡಿಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು. ಬಾಗಲಕೋಟೆಯ ಡಾಕ್ಟರು ತಪಾಸಣೆ ಮಾಡಿ, ಹೃದಯದ ಬಲ ಕುಗ್ಗಿದೆ, ಗುಳಿಗೆ ತಪ್ಪಿಸಬಾರದು, ರೊಟ್ಟಿ ಬಡಿಯುವುದು, ನೀರು ಹೊರುವುದು ಪೂರಾ ಬಂದ್, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದರು. ಮಾವ ಎಲ್ಲದಕ್ಕೂ ಗೋಣು ಹಾಕಿದರು. ವಾಪಸು ಬರುವಾಗ ಬಸ್ಸು ಅಮೀನಗಡ ಮುಟ್ಟುವುದರೊಳಗೆ ಅವರ ಕಣ್ಣು ಫೋನಿನಲ್ಲಿ ನೆಟ್ಟಿತ್ತು. ಎಲ್ಲೋ ಹೊರದೇಶದಲ್ಲಿ ಮೆತ್ತನೆಯ ರೋಬೋಟು ಮಾಡುತ್ತಿದ್ದಾರಂತೆ. ಸೋತ ಹೃದಯಕ್ಕೆ ಅಂಗಿಯಂತೆ ತೊಡಿಸುವುದು, ಅದು ಗಾಳಿ ತುಂಬಿಕೊಂಡು ಹೃದಯದ ಜೊತೆಜೊತೆಗೇ ಹಿಂಡಿ ರಕ್ತ ದೂಡುವುದು.

“ಹೆದರಬ್ಯಾಡ, ಮಷೀನ್ ಬರತೈತಿ” ಎಂದು ಅಕ್ಕನಿಗೆ ಧೈರ್ಯ ಹೇಳಿದರು. ಮನೆಗೆ ಬಂದು ಕಾಲು ತೊಳೆದವರೇ, “ಹೊಟ್ಟಿ ಹಸದೈತಿ, ಎರಡು ರೊಟ್ಟಿ ಬಡಿ” ಎಂದರು!

ನಾನು ಹಿಂದಿನ ಓಣಿಯವಳು. ತಡೆಯಲಾರದೆ ಹೇಳಿದೆ, “ಮಾವಾರ, ದಿನಾ ನಾ ಬಡದು ಕಳಸ್ತೇನಿ. ಇಲ್ಲಾಂದ್ರ ಖಡಕ್ ರೊಟ್ಟಿ ತಿನ್ರಿ.”

“ನೇತ್ರಾ, ಆಕಿ ಕೈಯಾಗಿನ ರೊಟ್ಟಿ ಹಂಚಿನಿಂದ ಸೀದಾ ತಾಟಿಗೆ ಬಿದ್ದರನ ನನಗ ಗಂಟಲದಾಗ ಇಳಿಯೂದು.”

ಬೆಂಕಿ ಹಚ್ಚಲಿ ಆ ಗಂಟಲಿಗೆ! ಅಕ್ಕನೇನು ಕಡಿಮೆಯೇ, “ಇರ್ಲಿ ಬಿಡವಾ, ಬಂದವರು ನಾಕ ಮಾತಾಡ್ಯಾರು” ಎಂದು ಮತ್ತೆ ಒಲೆಯ ಮುಂದೆ ಕೂತಳು. ಈಗ ಮಷೀನಿನ ಪಾಠ ಕೇಳಲು ದಿನಾ ಒಬ್ಬರಿಲ್ಲೊಬ್ಬರು. ಹೆಂಡತಿಯ ಹೃದಯದ ಬಗ್ಗೆ ಊರಿಗೆಲ್ಲ ಉಪನ್ಯಾಸ, ಉಪನ್ಯಾಸಕ್ಕೆ ಬಂದವರಿಗೆಲ್ಲ ಆ ಹೃದಯದಿಂದಲೇ ರೊಟ್ಟಿ.

ಒಂದು ರವಿವಾರ ಗ್ರಾನೈಟ್ ಪಾಲಿಶ್ ಮಾಡಿಸುವ ಫಾರೂಕ ಬಂದಿದ್ದ, ಮಾವನ ಹಳೆಯ ಶಿಷ್ಯ. ನಾನೂ ಅಲ್ಲೇ ಇದ್ದೆ. ಮಾವ ಒಳಗೆ ಮುಖ ಮಾಡಿ, “ಏ, ಒಂದು ಹಿಟ್ಟಿನ ಉಂಡಿ ತಗೊಂಡು ಬಾ” ಎಂದರು. ಅಕ್ಕ ಗೋಡೆ ಹಿಡಿದುಕೊಂಡು ತಂದು ಕೊಟ್ಟಳು. ಮಾವ ಉಂಡೆಯನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಹಿಚುಕಿದರು.

“ನೋಡ ಫಾರೂಕ, ಇದು ಹೃದಯ. ನನ್ನ ಬೆರಳು ಮಷೀನು. ಇದು ದಣೀತಂದ್ರ ಅದಕ್ಕ ಗೊತ್ತಾಗ್ತೈತಿ, ಆಸರ ಆಗ್ತೈತಿ.”

“ಭಾರಿ ಐತ್ರಿ ಸರ. ನಮ್ಮ ಕಡೆ ಯಾವಾಗ ಬರತೈತ್ರಿ?”

“ಇನ್ನ ಹಂದಿ ಮ್ಯಾಲೆ ಪ್ರಯೋಗ ನಡದಾವ. ವರ್ಷಗಟ್ಟಲೆ ಹಿಡಿತೈತಿ.”

“ಅಲ್ಲೀಮಟ ಪೇಶಂಟು ಏನ್ ಮಾಡಬೇಕ್ರಿ?”

“ಗುಳಿಗಿ, ವಿಶ್ರಾಂತಿ. ವಿಶ್ರಾಂತಿ ಭಾಳ ಮುಖ್ಯ” ಎಂದು ಪಾಠ ಒಪ್ಪಿಸಿದ ಮಾವ, ಉಂಡೆಯನ್ನು ಅಕ್ಕನ ಕೈಗೆ ವಾಪಸು ಕೊಟ್ಟು, “ಫಾರೂಕಗ ಇನ್ನೆರಡು ಬಿಸಿವು ಬರಲಿ” ಎಂದರು.

ಅಕ್ಕ ಹೊಸ್ತಿಲಲ್ಲೇ ಕುಸಿದು ಕೂತಳು. ಮುಖ ಬೆವರಿ ನೀರಾಗಿತ್ತು, ತುಟಿ ಕಪ್ಪಿಟ್ಟಿತ್ತು. ಫಾರೂಕ ಗಾಬರಿಯಾಗಿ ತನ್ನ ಕಾರು ತೆಗೆದ. ದವಾಖಾನೆಯಲ್ಲಿ ಸಲಾಯಿನ್ ಏರಿಸಲಿಲ್ಲ, ಮೈಯಲ್ಲಿ ನೀರು ತುಂಬಿದೆ ಎಂದು ಇಂಜೆಕ್ಷನ್ ಕೊಟ್ಟು ಅದನ್ನು ಇಳಿಸಿದರು. ಇನ್ನಷ್ಟು ತಡವಾಗಿದ್ದರೆ ಹೆಣವನ್ನೇ ಒಯ್ಯಬೇಕಿತ್ತು ಎಂದು ಅಲ್ಲಿಯ ಡಾಕ್ಟರು ಮುಖಕ್ಕೇ ಹೇಳಿದರು. ದವಾಖಾನೆಯಿಂದ ಬಿಟ್ಟ ಮೇಲೆ ನಾನು ಯಾರನ್ನೂ ಕೇಳದೆ ಅಕ್ಕನನ್ನು ನಮ್ಮ ಮನೆಗೆ ಕರೆತಂದೆ.

ಮರುದಿನ ಮುಂಜಾನೆ ಮಾವ ಬಂದರು. ಕೈಗೆಲ್ಲ ಜೋಳದ ಹಿಟ್ಟು ಮೆತ್ತಿತ್ತು. ಬಾಗಿಲಲ್ಲೇ ನಿಂತು ಕೇಳಿದರು, “ಹಿಟ್ಟು ನಾದೂದಕ್ಕ ಬಿಸಿನೀರೋ ತಣ್ಣೀರೋ? ಬಡದ ಮೂರೂ ರೊಟ್ಟಿ ಹರದು ಹೋದುವು.” ಊರ ಮಕ್ಕಳಿಗೆಲ್ಲ ವಿಜ್ಞಾನ ಕಲಿಸಿದ ಮಹಾನುಭಾವರು!

ಮಾವ ಅಕ್ಕನ ಕಡೆ ತಿರುಗಿ ದನಿ ತಗ್ಗಿಸಿ, “ಹೆಂಗದಿ? ಮನಿಗೆ ಯಾವಾಗ ಬರ್ತಿ?” ಎಂದರು.

ಅಕ್ಕ ಮಂಚದಿಂದ ಏಳಲಿಲ್ಲ. “ನಿಮ್ಮ ಮಷೀನ್ ಇಳಕಲ್ಲಿಗೆ ಬರಲಿ, ಆವಾಗ ಬರ್ತೇನಿ” ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.