ಬಾದಲ್ ಸುಮ್ಮಸುಮ್ಮನೆ ಕಚ್ಚಲಿಲ್ಲ

ರೀಟಾ, ಬಾದಲ್ ಸುಮ್ಮಸುಮ್ಮನೆ ಕಚ್ಚಲಿಲ್ಲ. ನಾನು ಸುಳ್ಳು ಹೇಳಿದೆ. ಆಗ ನಾಯಿಗೆ ಹೆದರಿದ್ದೆ, ಈಗ ನಿನಗೆ.

ತೊಂಬತ್ತರ ದಶಕದ ಕೊನೆ. ನಿನಗೆ ಎಂಟು ವರ್ಷ. ಹಾವೇರಿ ಕಡೆಯಿಂದ ಬಂದು ಮರ್ಫಿ ಟೌನಿನಲ್ಲಿದ್ದ ನಾನು ದಿನಾ ಸಂಜೆ ಬೆನ್ಸನ್ ಟೌನಿನ ನಿಮ್ಮ ಮನೆಗೆ ಕನ್ನಡ ಟ್ಯೂಷನ್ನಿಗೆ ಬರುತ್ತಿದ್ದೆ. ಸೈನ್ಯದಲ್ಲಿದ್ದ ನಿನ್ನ ಅಪ್ಪ ಕಾಶ್ಮೀರದಿಂದ ಮರಿಯಾಗಿ ತಂದಿದ್ದ ನಾಯಿ ಬಾದಲ್. ಕುರಿಮಂದೆ ಕಾಯುವ ಜಾತಿ. ನಿಂತರೆ ನನ್ನ ಸೊಂಟಕ್ಕೆ ಬರುತ್ತಿತ್ತು. ಎಷ್ಟೇ ಸೆಕೆಯಿದ್ದರೂ ಅದರ ಕೂದಲು ಕತ್ತರಿಸಬಾರದು, ಬಿಸಿಲು ಮೈ ಸುಡುತ್ತದೆ ಎಂದು ನಿನ್ನ ಅಜ್ಜಿ — ನಿನ್ನಂತೆ ನಾನೂ ಪಾಟಿ ಎನ್ನುತ್ತಿದ್ದೆ — ಅದನ್ನು ಬಚ್ಚಲಿನ ಒದ್ದೆ ನೆಲದಲ್ಲಿ ಮಲಗಿಸಿ ಬಾಚುತ್ತಿದ್ದರು. ಮೊದಲ ದಿನವೇ ಅವರು ಹೇಳಿದ್ದರು: "ಟೀಚರಮ್ಮ, ಇದ್ರ ಮುಂದೆ ಪಾಪು ಮೇಲೆ ಕೈ ಎತ್ಬೇಡಿ. ಇಲ್ಲಿ ಕುರಿ ಎಲ್ಲಿದೆ? ಇವಳೇ ಇದ್ರ ಕುರಿಮರಿ."

ನಾನು ನಕ್ಕೆ. ಒಳಗೊಳಗೇ ಪುಕುಪುಕು. ಬೊಗಳಿದ್ದರಾದರೂ ಸಹಿಸಬಹುದಿತ್ತು — ಅದು ಬಾಗಿಲಿಗೆ ಅಡ್ಡ ಮಲಗಿ ನನ್ನ ಕೈಯನ್ನೇ ನೋಡುತ್ತಿತ್ತು. ಹಿತ್ತಲಲ್ಲಿ ಕಟ್ಟಿದರೆ ಮಾತ್ರ ಪಾಠ ಎಂದೆ. ಕಟ್ಟಿದರು. ಆಮೇಲೆ ನನಗೆ ಧೈರ್ಯ ಬಂತು — ಧೈರ್ಯವೇನು ಬಂತು, ಮಣ್ಣು! ದರ್ಪ ಬಂತು. ಒತ್ತಕ್ಷರ ತಪ್ಪಿದರೆ ಸ್ಕೇಲಿನ ಅಂಚಿನಿಂದ ನಿನ್ನ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ — ನಾಯಿಯ ಮೇಲಿನ ಭಯವನ್ನು ನಿನ್ನ ಮೇಲೆ ತೀರಿಸಿಕೊಂಡೆ.

ಆ ಸಂಜೆ ಪಾಟಿ ಅಡುಗೆಮನೆಯಲ್ಲಿದ್ದರು. ಬಾದಲ್‌ನನ್ನು ಕಟ್ಟಲು ಮರೆತಿದ್ದರು. ನೀನು 'ಹಕ್ಕಿ'ಯನ್ನು 'ಹಕಿ' ಎಂದು ಬರೆದೆ. ಹೊಡೆದೆ. ಹಿತ್ತಲಿಂದ ಅದು ಬಂದು ನಮ್ಮಿಬ್ಬರ ನಡುವೆ ನಿಂತು ಗುರ್ ಎಂದಿತು. ಆಗಲಾದರೂ ಸ್ಕೇಲು ಕೆಳಗಿಟ್ಟಿದ್ದರೆ — ಇಡಲಿಲ್ಲ. ನಾಯಿಯ ಮುಂದೆ ಸೋಲುವುದೇ ಎಂದು ಮತ್ತೆ ಎತ್ತಿದೆ.

ಅದು ನನ್ನ ಮಣಿಕಟ್ಟನ್ನು ಬಾಯಲ್ಲಿ ಹಿಡಿಯಿತು. ಅಷ್ಟೇ, ಹಿಡಿಯಿತು. ಸ್ಕೇಲು ಬಿದ್ದ ಕೂಡಲೇ ಬಿಟ್ಟು ನಿನ್ನ ಕಾಲ ಬಳಿ ಹೋಗಿ ಮಲಗಿತು. ಎರಡು ಕಡೆ ಹಲ್ಲು ತಾಗಿ ರಕ್ತ ಬಂದಿತ್ತು.

ಪಾಟಿ ಓಡಿ ಬಂದಾಗ ನಾನಂದೆ: "ನಾನೇನೂ ಮಾಡ್ಲಿಲ್ಲ ರೀ. ಸುಮ್‌ಸುಮ್ನೆ ಬಂದು ಕಚ್ಬಿಡ್ತು."

ನೀನು ನನ್ನ ಮುಖ ನೋಡಿದೆ. ಬಾತ ಕೈಯನ್ನು ಫ್ರಾಕಿನ ಹಿಂದೆ ಬಚ್ಚಿಟ್ಟೆ. ಎಲ್ಲಿ ಬಾಯಿ ಬಿಡುತ್ತೀಯೋ ಎಂದು ಉಸಿರು ಹಿಡಿದಿದ್ದೆ. ನೀನು ಬಿಡಲಿಲ್ಲ. ಪಾಟಿ ನನಗೆ ಗಾಯ ತೊಳೆದು ಕಾಫಿ ಕೊಟ್ಟರು, ಕುಡಿದೆ.

ಮಗುವಿರುವ ಮನೆಯಲ್ಲಿ ಕಚ್ಚುವ ನಾಯಿ ಬೇಡವೆಂದು ನಿನ್ನ ಅಪ್ಪ ಅದನ್ನು ಕೆ.ಆರ್. ಪುರದಾಚೆಯ ತೋಟವೊಂದಕ್ಕೆ ಕೊಟ್ಟರು. ಅಲ್ಲಿ ಕೂದಲು ಬೋಳಿಸಿ ಬಿಸಿಲಲ್ಲಿ ಕಟ್ಟಿಹಾಕಿದರಂತೆ. ತಾನು ಕಾಯಬೇಕಾದವರು ಯಾರೂ ಇಲ್ಲದೆ ಅದು ಊಟ ಬಿಟ್ಟಿತು. ಎರಡು ತಿಂಗಳಲ್ಲಿ ಸತ್ತಿತು. ಪಾಟಿ ಕಣ್ಣೊರೆಸಿಕೊಂಡು ಇದನ್ನು ಹೇಳಿದಾಗಲೂ ನಾನು — ಇಲ್ಲ, ಆಗಲೂ ಹೇಳಲಿಲ್ಲ.

ಕಳೆದ ವಾರ ಮಾಸ್ಕ್ ರಸ್ತೆಯ ಬೇಕರಿ ಮುಂದೆ ನೀನೇ ಗುರುತಿಸಿ ಮಾತಾಡಿಸಿದೆ. ಕಾಲೇಜು ಹುಡುಗಿ. ನಗುತ್ತಿದ್ದವಳು ತಟ್ಟನೆ ಕೇಳಿದೆ: "ಟೀಚರ್, ಅವತ್ತು ನಾನು ಸರಿಯಾಗಿ ಬರ್ದಿದ್ರೆ ಬಾದಲ್ ಇರ್ತಿದ್ದ ಅಲ್ವಾ?"

ಬಸ್ಸಿಗೆ ಹೊತ್ತಾಯಿತೆಂದು ಓಡಿಬಂದೆ. ಇಷ್ಟು ವರ್ಷ ನನ್ನ ತಪ್ಪನ್ನು ನೀನು ಹೊತ್ತಿದ್ದೀಯ!

ಇಲ್ಲ ಮಗಳೇ. ನೀನು ತಪ್ಪು ಬರೆದೆ, ಅಷ್ಟೇ. ಕೊಂದವಳು ನಾನು.

ಈ ಕಾಗದ ಅಂಚೆಗೆ ಹಾಕುವುದಿಲ್ಲ. ಭಾನುವಾರ ನಾನೇ ತಂದು ಪಾಟಿಯ ಎದುರಿಗೇ ಓದುತ್ತೇನೆ. ಹೆದರಿಕೆಯಾಗುತ್ತಿದೆ. ಬಾಗಿಲಿಗೆ ಅಡ್ಡ ಮಲಗಲು ಈಗ ಅಲ್ಲಿ ಯಾರೂ ಇಲ್ಲ.