ಕಳಚಿಹೋದ ಟ್ರೇಲರ್ ಮತ್ತು ಚಾಲಕ ಹನುಮಂತರಾಯಪ್ಪನವರನ್ನು ಕುರಿತು

ಶ್ರೀ ಹನುಮಂತರಾಯಪ್ಪನವರು ರಸ್ತೆಯಲ್ಲಿ ನಡೆದು ಹೋಗುವಾಗ ಇಪ್ಪತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತಿದ್ದರು. ಯಾರೂ ಅವರನ್ನು ಕರೆದಿರುತ್ತಿರಲಿಲ್ಲ, ಯಾರೂ ಹಿಂಬಾಲಿಸುತ್ತಲೂ ಇರಲಿಲ್ಲ. ಅಷ್ಟೇ ಅಲ್ಲದೆ, ಬೀದಿಯ ಮೂಲೆ ಬಂದಾಗ ಎಲ್ಲರಂತೆ ಗೋಡೆಯ ಪಕ್ಕದಲ್ಲಿ ತಿರುಗದೆ, ರಸ್ತೆಯ ನಡುವಿನವರೆಗೂ ಹೋಗಿ ದೊಡ್ಡ ಸುತ್ತು ಹಾಕಿ ತಿರುಗುತ್ತಿದ್ದರು. ಬಲಸಮುದ್ರದ ಟೀ ಅಂಗಡಿಯ ಮುಂದೆ ಕುಳಿತವರು ಇದನ್ನು ಕಂಡು, "ಅಣ್ಣಾ, ಟ್ರೇಲರ್ ಬತ್ತಾ ಐತಾ?" ಎಂದು ಕೂಗುತ್ತಿದ್ದರು. ಅವರು ಕೋಪಿಸಿಕೊಳ್ಳದೆ, "ಬತ್ತಾ ಐತೆ ಕಣ್ರಪ್ಪಾ, ನೀವು ಕಾಲು ಒಳೀಕೆ ಎಳ್ಕಳ್ಳಿ, ಚಕ್ರ ಅತ್ತೀತು" ಎಂದು ಉತ್ತರಿಸುತ್ತಿದ್ದರು.

ದೊಡ್ಡದಾಗಿ ಸುತ್ತಿ ತಿರುಗುವುದು ಅವರ ವೃತ್ತಿಯಿಂದ ಬಂದದ್ದು. ಟ್ರೇಲರ್ ಕಟ್ಟಿದ ಗಾಡಿ ತಿರುಗುವಾಗ ಹಿಂದಿನ ಚಕ್ರಗಳು ಮೂಲೆಯನ್ನು ಒಳಗೆ ಕತ್ತರಿಸಿಕೊಂಡು ಬರುತ್ತವೆ. ಹಿಂತಿರುಗಿ ನೋಡುವುದು ಮಾತ್ರ ನನ್ನಿಂದ ಬಂದದ್ದು. ಈ ಸಂಗತಿಯನ್ನು ಓದುಗರ ಅವಗಾಹನೆಗೆ ತರುವುದೇ ಈ ಬರಹದ ಉದ್ದೇಶವಾಗಿರುತ್ತದೆ. ನಾನು ಈವರೆಗೆ ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲ. ಆದ್ದರಿಂದ ಇದರಲ್ಲಿ ಕಂಡುಬರಬಹುದಾದ ಲೋಪದೋಷಗಳನ್ನು ಮನ್ನಿಸಬೇಕೆಂದು ಮೊದಲೇ ವಿನಂತಿಸುತ್ತೇನೆ.

ಸದರಿಯವರು ಮಧುಗಿರಿ ತಾಲ್ಲೂಕಿನ ಪುರವರದ ಕಡೆಯವರು. ಊರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಟ್ರ್ಯಾಕ್ಟರ್ ಓಡಿಸಿ, ಇಟ್ಟಿಗೆ, ಕಡಲೆಕಾಯಿ, ಹುಣಸೆಹಣ್ಣು, ಒಮ್ಮೊಮ್ಮೆ ಮದುವೆಯ ದಿಬ್ಬಣ, ಎಲ್ಲವನ್ನೂ ಎಳೆದಿದ್ದರು. ಪಾವಗಡದ ಕಡೆ ಸೋಲಾರ್ ಫಲಕಗಳು ಬಂದ ಮೇಲೆ, ಅವುಗಳನ್ನು ತೊಳೆಯುವ ಗುತ್ತಿಗೆ ಹಿಡಿದಿದ್ದ ಸಂಸ್ಥೆಯೊಂದಕ್ಕೆ ಚಾಲಕರಾಗಿ ಸೇರಿದರು. ಕೊರಟಗೆರೆಯವನಾದ ನಾನು ಪಾವಗಡದಲ್ಲಿದ್ದ ಅದೇ ಸಂಸ್ಥೆಯ ಉಗ್ರಾಣದಲ್ಲಿ ತಾತ್ಕಾಲಿಕ ಗುಮಾಸ್ತನಾಗಿದ್ದೆ. ಅವರು ನನ್ನ ಹೆಸರನ್ನು ಒಮ್ಮೆಯೂ ಹಿಡಿದು ಕರೆಯಲಿಲ್ಲ. ಮೊದಲ ದಿನದಿಂದಲೂ ನಾನು ಅವರಿಗೆ "ಗುಮಾಸ್ತಪ್ಪ".

ಫಲಕ ತೊಳೆಯುವ ನೀರಿನ ಟ್ರೇಲರನ್ನು ಮೊದಲು ಹಳೆಯ ಟ್ರ್ಯಾಕ್ಟರ್ ಎಳೆಯುತ್ತಿತ್ತು. ಅದು ನಿಧಾನವೆಂದು ಸಂಸ್ಥೆಯವರು ಹೊಸ ಪಿಕಪ್ ಒಂದನ್ನು ತರಿಸಿದರು. ಅದು ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯುವ, ನೋಡಿದವರು ಒಮ್ಮೆ ಮುಟ್ಟಿ ನೋಡುವಂಥ ಗಾಡಿ. ಅದನ್ನು ಒಪ್ಪಿಸುವ ದಿನ ನಮ್ಮ ಯುವ ಎಂಜಿನಿಯರರು ಹೆಮ್ಮೆಯಿಂದ, "ಹನುಮಂತರಾಯಪ್ಪ, ಇದು ಮೂರು ಟನ್ ಎಳೆಯುತ್ತೆ. ಹತ್ತು ಸೆಕೆಂಡಲ್ಲಿ ನೂರು ಮುಟ್ಟುತ್ತೆ" ಎಂದರು.

"ಸರಿ ಸಾ. ನೂರ್ರಾಗೆ ಓಗೋವಾಗ ಕುರಿ ಅಡ್ಡ ಬಂದ್ರೆ ಎಷ್ಟು ಸೆಕೆಂಡಿಗೆ ನಿಲ್ತೈತೆ?"

"ಬ್ರೇಕ್ ಬಹಳ ಚೆನ್ನಾಗಿದೆ."

"ಇದರ್ದು ಚೆಂದಾಗೈತೆ ಸಾ. ಹಿಂದ್ಲದಕ್ಕೆ ಬ್ರೇಕೇ ಇಲ್ವಲ್ಲ?"

ಎಂಜಿನಿಯರರು ನಕ್ಕರು. ಹನುಮಂತರಾಯಪ್ಪನವರು ನಗಲಿಲ್ಲ. ಒಂದು ವಾರ ಓಡಿಸಿದ ನಂತರ ಅವರು ನನ್ನ ಬಳಿ ಬಂದು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಟ್ರ್ಯಾಕ್ಟ್ರಾಗೆ ಹಿಂದಿನ ಭಾರ ಸೊಂಟಕ್ಕೆ ತಿಳೀತದೆ ಗುಮಾಸ್ತಪ್ಪ. ಏರು ಬಂದ್ರೆ ಅದೂ ಏದುಸಿರು ಬುಡ್ತೈತೆ, ನಾವೂ ಬುಡ್ತೀವಿ. ಇದು ದೊರೆ ಕಣಪ್ಪ. ಹಿಂದುಗಡೆ ಯಾರು ಬತ್ತಾವ್ರೆ, ಯಾರು ಬಿದ್ದೋದ್ರು, ಒಂದೂ ಇದಕ್ಕೆ ಬೇಕಾಗಿಲ್ಲ." ಅಂದಿನಿಂದ ನಮ್ಮಲ್ಲಿ ಆ ಪಿಕಪ್ಪಿಗೆ ದೊರೆ ಎಂದೇ ಹೆಸರಾಯಿತು. ಉಗ್ರಾಣದ ಡೀಸೆಲ್ ಪುಸ್ತಕದಲ್ಲಿ ನಾನೂ ಒಮ್ಮೆ ಕೈತಪ್ಪಿ ಹಾಗೆಯೇ ಬರೆದುಬಿಟ್ಟಿದ್ದೆ.

ಹೊರೆ ಹೇರುವ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಇಳಿಸಲು ಸುಲಭವೆಂದು ಕೆಲಸಗಾರರು ಪಂಪನ್ನು ಟ್ರೇಲರಿನ ತುದಿಗೆ ಇಟ್ಟರೆ, ಅದನ್ನು ಮತ್ತೆ ಎತ್ತಿಸಿ ಚಕ್ರಗಳ ಅಚ್ಚಿನ ಮುಂದಕ್ಕೆ ಇಡಿಸುತ್ತಿದ್ದರು. "ತುದೀಗೆ ಭಾರ ಇಕ್ಕಿದ್ರೆ ಕುಡ್ದೋನಂಗೆ ಒಲಾಡ್ತೈತೆ ಕಣ್ಲಾ. ನೀನು ಜೋರಾಗೋದಷ್ಟೂ ಅದು ಕುಣೀತೈತೆ" ಎನ್ನುತ್ತಿದ್ದರು. ತೊಟ್ಟಿ ಪೂರ್ತಿ ತುಂಬಿರಬೇಕು, ಇಲ್ಲವೇ ಪೂರ್ತಿ ಖಾಲಿ ಇರಬೇಕು. ಅರ್ಧ ನೀರಿದ್ದರೆ ಅದು ಒಳಗೇ ಹಿಂದಕ್ಕೂ ಮುಂದಕ್ಕೂ ಬಡಿದು ಗಾಡಿಯನ್ನು ತಳ್ಳುತ್ತದೆ ಎಂದು ಹೇಳಿ, ಸಂಜೆ ಉಳಿದ ನೀರನ್ನು ಗೇಟಿನ ಬಳಿಯ ಬೇವಿನ ಸಸಿಗೆ ಬಿಟ್ಟೇ ಹೊರಡುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ಪಿನ್. ಗಾಡಿಯನ್ನೂ ಟ್ರೇಲರನ್ನೂ ಸೇರಿಸುವುದು ಹೆಬ್ಬೆರಳಿಗಿಂತ ದಪ್ಪನಾದ ಒಂದು ಕಬ್ಬಿಣದ ಪಿನ್. ಅದು ಕುಲುಕಾಟಕ್ಕೆ ಮೇಲೆದ್ದು ಬರದಂತೆ ಅದರ ಕೆಳತುದಿಗೆ ಒಂದು ಸಣ್ಣ ಕ್ಲಿಪ್ ಹಾಕಬೇಕು. ಹನುಮಂತರಾಯಪ್ಪನವರು ಪ್ರತಿದಿನ ಬಗ್ಗಿ, ಆ ಕ್ಲಿಪ್ಪನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಒಮ್ಮೆ ಎಳೆದು ನೋಡಿದ ಮೇಲೆಯೇ ಹತ್ತುತ್ತಿದ್ದರು. "ಪಿನ್ ಯಾರಾದ್ರೂ ಹಾಕ್ಲಿ, ಕೀ ತಿರುಗ್ಸೋನು ನೋಡ್ಬೇಕು" ಎಂಬುದು ಅವರ ನಿಯಮ. ಪಿನ್ನಿನ ಜೊತೆಗೆ ಕಟ್ಟಬೇಕಾದ ಸರಪಳಿ ಸವೆದು ತುಂಡಾಗಿತ್ತು. ಹೊಸದು ಬೇಕೆಂದು ಅವರು ಕೇಳಿದಾಗ ಲಿಖಿತ ಮನವಿ ಕೊಡಿ ಎಂದು ನಾನು ತಿಳಿಸಿದ್ದೆ. ಅವರು ಕೊಟ್ಟರು. ಅದು ನನ್ನ ಮೇಜಿನ ಮೇಲೆಯೇ ಬಾಕಿ ಇತ್ತು.

ಆ ದಿನ ಬೆಳಿಗ್ಗೆ ಬಲಸಮುದ್ರದ ಕೆಲಸದ ಸ್ಥಳಕ್ಕೆ ಬ್ರಷ್ ಮತ್ತು ಪೈಪುಗಳನ್ನು ತಲುಪಿಸಲು ನಾನೂ ಅವರೊಂದಿಗೆ ಹೊರಡಬೇಕಾಗಿತ್ತು. ಅವರು ಟೀ ಕುಡಿಯುತ್ತಿದ್ದರು. ತಡವಾಗುತ್ತದೆಂದು ಪಿನ್ನನ್ನು ನಾನೇ ಹಾಕಿದೆ. ಕ್ಲಿಪ್ ಕೈಯಲ್ಲಿತ್ತು. ಅಷ್ಟರಲ್ಲಿ ಫೋನ್ ಬಂದಿತು. ಕ್ಲಿಪ್ಪನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮಾತನಾಡಿದೆ, ಮಾತು ಮುಗಿಯುವಷ್ಟರಲ್ಲಿ ಮರೆತೆ. ಹನುಮಂತರಾಯಪ್ಪನವರು ಬಂದು ಎಂದಿನಂತೆ ಬಗ್ಗಲು ಹೊರಟಾಗ ನಾನು, "ಎಲ್ಲಾ ನೋಡಿದೀನಿ ಬನ್ನಿ ಅಣ್ಣಾ, ಹೊತ್ತಾಯ್ತು" ಎಂದೆ. ಅವರು ಅರ್ಧ ಬಗ್ಗಿದವರು ನನ್ನ ಮುಖ ನೋಡಿ, ನೆಟ್ಟಗಾಗಿ, ಹೋಗಿ ಗಾಡಿ ಹತ್ತಿದರು.

ನನ್ನ ನೇಮಕಾತಿಯ ಅವಧಿ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಕಾಯಂ ಆಗುವೆನೋ ಮನೆಗೆ ಹೋಗುವೆನೋ ಎಂಬ ಚಿಂತೆಯನ್ನೇ ದಾರಿಯುದ್ದಕ್ಕೂ ಅವರಿಗೆ ಹೇಳಿದೆ. "ಆಯ್ತೈತೆ ಸುಮ್ಕಿರು" ಎನ್ನುತ್ತಾ ಕೇಳಿಸಿಕೊಂಡರು. ಒಂದು ಊರಿನ ಮುಂದೆ ರಸ್ತೆಯ ಉಬ್ಬು ಬಂತು. ದೊರೆ ಅದನ್ನು ಹಾಸಿಗೆಯ ಮೇಲೆ ಹೋದಂತೆ ದಾಟಿತು. ಟ್ರೇಲರ್ ಪಿಕಪ್ಪಿಗಿಂತ ತಗ್ಗು ಮತ್ತು ಕಿರಿದು, ನೇರ ರಸ್ತೆಯಲ್ಲಿ ಯಾವ ಕನ್ನಡಿಗೂ ಕಾಣುತ್ತಿರಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ.

ಸ್ಥಳ ತಲುಪಿದಾಗ ಮೇಸ್ತ್ರಿ ಬಂದು, "ನೀರೆಲ್ಲಣ್ಣಾ?" ಎಂದ.

"ಹಿಂದೈತಲ್ಲಪ್ಪಾ."

"ಹಿಂದೆ ಗಾಳಿ ಐತೆ!"

ಹನುಮಂತರಾಯಪ್ಪನವರು ಇಳಿದು ಹಿಂದಕ್ಕೆ ಹೋದರು. ಉದುರಿದ ಹಲ್ಲಿನ ಜಾಗವನ್ನು ನಾಲಿಗೆ ತಡಕುವಂತೆ, ಖಾಲಿ ಕೊಂಡಿಯ ತೂತಿನೊಳಗೆ ಬೆರಳು ಆಡಿಸಿದರು. ಸುತ್ತ ನಿಂತ ಇಪ್ಪತ್ತು ಜನ ಒಟ್ಟಿಗೆ ನಕ್ಕರು. "ಟ್ರೇಲರ್ ಕಳ್ಕಂಡ್ ಬಂದವ್ನೆ ಕಣ್ರೋ!" ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಕ್ಲಿಪ್ ಅಲ್ಲಿಯೇ ಇತ್ತು. ಅವರು ನನ್ನ ಕೈಯನ್ನು ನೋಡಿದರು.

ಐದು ಕಿಲೋಮೀಟರ್ ಹಿಂದೆ ಹೋದಾಗ ಟ್ರೇಲರ್ ರಸ್ತೆ ಬಿಟ್ಟಿಳಿದು, ಬೀಳು ಹೊಲದ ಜಾಲಿಗೆ ಒರಗಿ ನಿಂತಿತ್ತು. ಸೀಳಿದ ತೊಟ್ಟಿಯಿಂದ ಹರಿಯುತ್ತಿದ್ದ ನೀರಿಗೆ ಕುರಿಹಿಂಡೊಂದು ಮುಗಿಬಿದ್ದಿತ್ತು. ಕುರಿ ಕಾಯುತ್ತಿದ್ದ ಮುದುಕಿ ನಮ್ಮನ್ನು ಕಂಡು, ಆ ಕಡೆಯವರಂತೆ ತೆಲುಗು ಬೆರೆಸಿ, "ಎವರು ನಾಯನಾ ಈ ತೊಟ್ಟಿ ತಂದು ಬುಟ್ಟೋರು? ನಿಮ್ಮೊಟ್ಟೆ ತಣ್ಣಗಿರ್ಲಿ" ಎಂದಳು.

"ಇದು ಬಂದಾಗ ನೀನೆಲ್ಲಿದ್ದೆ ಅಮ್ಮಾ?"

"ಅಲ್ಲೇ, ಆ ಬದಿನ ಮ್ಯಾಲೆ. ಸರ್ರಂತ ನನ್ ಮುಂದ್ಲಿಂದಾನೇ ಬಂತು."

ಹನುಮಂತರಾಯಪ್ಪನವರು ಬದುವಿನಿಂದ ಚಕ್ರದ ಗುರುತಿನವರೆಗೂ ಹೆಜ್ಜೆ ಹಾಕಿ ಅಳೆದರು. ನಾಲ್ಕು ಹೆಜ್ಜೆ. ಅಲ್ಲಿಯೇ ಕುಳಿತುಬಿಟ್ಟರು.

ಮರುದಿನ ವ್ಯವಸ್ಥಾಪಕರು ನಮ್ಮಿಬ್ಬರನ್ನೂ ಕರೆಸಿ, ಪಿನ್ ಹಾಕಿದವರು ಯಾರು ಎಂದು ಕೇಳಿದರು. ನಾನು ನೆಲ ನೋಡುತ್ತಾ ನಿಂತೆ. ಹನುಮಂತರಾಯಪ್ಪನವರು ಸ್ವಲ್ಪ ಹೊತ್ತು ಕಾದರು. ನನಗಾಗಿಯೇ ಕಾದರೆಂಬುದು ನನಗೆ ಗೊತ್ತಿತ್ತು. ನಂತರ, "ಗಾಡಿ ನಂದು ಸಾ. ನೋಡ್ದೆ ಹೊರಟೋನು ನಾನು" ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ವ್ಯವಸ್ಥಾಪಕರು ಅದನ್ನೇ ಒಪ್ಪಿಗೆಯೆಂದು ಭಾವಿಸಿ, ವರದಿ ಸಿದ್ಧಪಡಿಸಲು ನನಗೆ ಆದೇಶಿಸಿದರು. "ಚಾಲಕರು ಪಿನ್ನಿಗೆ ಕ್ಲಿಪ್ ಹಾಕದೆ ನಿರ್ಲಕ್ಷ್ಯ ವಹಿಸಿರುವುದು ಕಂಡುಬಂದಿರುತ್ತದೆ" ಎಂದು ನಾನೇ ಟೈಪ್ ಮಾಡಿದೆ. ಹನುಮಂತರಾಯಪ್ಪನವರು ಬೆರಳಿಟ್ಟು ಓದಿ, ನನ್ನನ್ನೊಮ್ಮೆ ನೋಡಿ, ಸಹಿ ಹಾಕಿದರು.

ದೊರೆಯ ಕೀಯನ್ನು ಅವರಿಂದ ಪಡೆದು, ಅವರನ್ನು ಬಲಸಮುದ್ರದ ಗೇಟಿನ ಕಾವಲಿಗೆ ಹಾಕಲಾಯಿತು. ತಿಂಗಳ ಕೊನೆಗೆ ನಾನು ಕಾಯಂ ಆದೆ. "ಏನ್ ಗುಮಾಸ್ತಪ್ಪ, ಪರ್ಮನೆಂಟ್ ಆದ್ಯಂತೆ, ಸಿಹಿ ಎಲ್ಲಿ?" ಎಂದು ಅವರೇ ಕೇಳಿದರು. ಜಿಲೇಬಿ ತಂದುಕೊಟ್ಟೆ. ತಿಂದು, ಕೈ ಒರೆಸಿಕೊಂಡು ಟೀ ಅಂಗಡಿಯ ಕಡೆ ನಡೆದರು. ಇಪ್ಪತ್ತು ಹೆಜ್ಜೆ ನಡೆದು ನಿಂತು, ಹಿಂದೆ ನೋಡಿದರು. ಮತ್ತೆ ಇಪ್ಪತ್ತು ಹೆಜ್ಜೆ.

ಹೀಗೆ ಎರಡು ವರ್ಷ ಕಳೆಯಿತು. ಗೇಟಿನಲ್ಲಿ ಅವರು ಪ್ರತಿಯೊಂದು ಟ್ರೇಲರನ್ನೂ ತಡೆದು, ಬಗ್ಗಿ ಕ್ಲಿಪ್ ಮುಟ್ಟಿ ನೋಡಿಯೇ ಬಿಡುತ್ತಿದ್ದರು. ಒಂದು ದಿನ ನಾನು ಸಾಮಾನು ಇಳಿಸಲು ಅಲ್ಲಿಗೆ ಹೋಗಿದ್ದಾಗ ಹೊಸ ಚಾಲಕನೊಬ್ಬ, "ತಗಿಯಯ್ಯೋ ಗೇಟು! ಇಡೀ ಟ್ರೇಲರ್ ಕಳ್ಕಂಡೋನು ನಂಗೆ ಹೇಳಾಕ್ ಬತ್ತಾನೆ" ಎಂದು ಗದರಿದ. ಅವರು ಬಗ್ಗಿದರು. ಕ್ಲಿಪ್ ಎಳೆದು ನೋಡಿ, ಗೇಟು ತೆಗೆದರು.

ಆ ಸಂಜೆ ನಾನು, ಕ್ಲಿಪ್ ಮರೆತವನು ನಾನೇ ಎಂದು ವ್ಯವಸ್ಥಾಪಕರಿಗೆ ಪತ್ರ ಬರೆದೆ. ಕಳುಹಿಸುವ ಮೊದಲು ಹನುಮಂತರಾಯಪ್ಪನವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದರು.

"ಎಷ್ಟೊಂದು ಮಾನ್ಯರೇ ಮಾನ್ಯರೇ ಅಂತ ಹಾಕಿದ್ದೀಯಲ್ಲಪ್ಪಾ. ಅವ್ರೇನು ನಿಂಗೆ ಮಾವನಾ?" ಎಂದು ನಕ್ಕರು. ನಂತರ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ತಪ್ಪು. ಹೊಡ್ದಾಕು" ಎಂದರು. ಚಾಲಕರದು ಯಾವುದೇ ತಪ್ಪಿರುವುದಿಲ್ಲ ಎಂದು ನಾನು ಬರೆದಿದ್ದ ಸಾಲು ಅದು.

"ಅಣ್ಣಾ, ನಿಮ್ಮನ್ನ ಬಗ್ಗದಂಗೆ ತಡೆದೋನು ನಾನು."

"ಕ್ಲಿಪ್ ಹಾಕ್ನಿಲ್ಲ, ಅದು ನಿಂದು. ನೋಡ್ನಿಲ್ಲ, ಅದು ನಂದು. ನಂದನ್ನ ನೀನ್ಯಾಕೆ ಕಿತ್ಕಂತೀಯ? ಆ ಮುದುಕಿ ನಾಕೆಜ್ಜೆ ಇತ್ಲಾಗಿದ್ದಿದ್ರೆ ನಿನ್ ಕಾಗ್ದ ಯಾರಿಗ್ ಬೇಕಿತ್ತು? ಎರಡೂ ಬರಿ."

ಎರಡನ್ನೂ ಬರೆದೆ. ಹೊಸದಾಗಿ ಬಂದಿದ್ದ ವ್ಯವಸ್ಥಾಪಕರು ಓದಿ, ನನಗೆ ಎಚ್ಚರಿಕೆಯ ಪತ್ರ ನೀಡಿದರು. ಹನುಮಂತರಾಯಪ್ಪನವರಿಗೆ ಗಾಡಿಯನ್ನು ಮರಳಿ ಕೊಡಲು ವ್ಯವಸ್ಥಾಪಕರಿಗೂ ಮನಸ್ಸಿತ್ತು. ಆದರೆ ಚಾಲಕರ ವಯೋಮಿತಿಯನ್ನು ಇವರು ಮೂರು ತಿಂಗಳ ಹಿಂದೆಯೇ ದಾಟಿದ್ದರು. ಗೇಟಿಗೆ ಹೋಗಿ ಇದನ್ನು ತಿಳಿಸಿದಾಗ ಅವರು, "ಓಗ್ಲಿ ಬುಡು. ಆ ಕಾಗ್ದದ್ದು ಒಂದು ನಕಲು ಕೊಡು, ಮೊಹರು ಹಾಕಿ" ಎಂದರು. ಕೊಟ್ಟೆ. ನಾಲ್ಕಾಗಿ ಮಡಿಸಿ ಒಳಜೇಬಿಗೆ ಹಾಕಿಕೊಂಡರು. ಕೆಲವು ತಿಂಗಳ ನಂತರ ಕೆಲಸ ಬಿಟ್ಟು ಊರಿಗೆ ಹೋದರು. ಪಾವಗಡದ ನಿಲ್ದಾಣದಲ್ಲಿ ಮಧುಗಿರಿ ಬಸ್ಸಿನ ಕಿಟಕಿಯಿಂದ, "ಸರಪಳಿ ತರುಸ್ದ್ಯಾ?" ಎಂದು ಕೇಳಿದ್ದೇ ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು. ತರಿಸಿದ್ದೇನೆ ಎಂದು ಹೇಳಲು ಸಾಧ್ಯವಾದದ್ದಕ್ಕೆ ಇಂದಿಗೂ ಸಮಾಧಾನವಿದೆ.

ಅವರು ಎದೆನೋವಿನಿಂದ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಒಂದು ದಿನದ ರಜೆ ಹಾಕಿ ಅವರ ಊರಿಗೆ ಹೋದಾಗ ಹನ್ನೊಂದನೆಯ ದಿನದ ಕಾರ್ಯವೂ ಮುಗಿದಿತ್ತು. ಅವರ ಹೆಂಡತಿ ಪುಟ್ಟಮ್ಮನವರು ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಕಚೇರಿಯವನೆಂದು ತಿಳಿದು ಚಾಪೆ ಹಾಸಿ, ನೀರು ಕೊಟ್ಟರು. ನಾನು ಆ ಪತ್ರದ ಪ್ರಸ್ತಾಪ ಮಾಡಿದೆ.

"ಮೊಹರು ಹಾಕಿದ್ ಕಾಗ್ದ ತಾನೆ? ತಂದಿದ್ ದಿವ್ಸಾನೇ ಓದಿ ಹೇಳಿದ್ರು ಕಣಪ್ಪಾ. ಹನುಮಂತರಾಯಪ್ಪ ನೋಡ್ದೆ ಹೊರಟಿದ್ದು ತಪ್ಪು ಅಂತ ಬರ್ದವ್ರೆ, ನೋಡು, ಸರ್ಯಾಗಿ ಬರ್ದವ್ರೆ ಅಂದ್ರು."

"ಮಿಕ್ಕಿದ್ದು ಓದಲಿಲ್ಲವಾ ಅಮ್ಮಾ?"

"ಮಿಕ್ಕಿದ್ದೇನಿತ್ತು?"

ಪತ್ರದಲ್ಲಿದ್ದ ವಾಕ್ಯ ನನಗೆ ಬಾಯಿಪಾಠವಾಗಿತ್ತು. ಅದನ್ನು ಬದಿಗಿಟ್ಟೆ. "ಪಿನ್ ಹಾಕಿದೋನು ನಾನಮ್ಮ. ಕ್ಲಿಪ್ಪು ನನ್ ಜೇಬಲ್ಲಿತ್ತು" ಎಂದಷ್ಟೇ ಹೇಳಿದೆ.

ಪುಟ್ಟಮ್ಮನವರ ಕೈ ಹುಣಸೆಹಣ್ಣಿನ ಮೇಲೆ ನಿಂತಿತು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ಕಾದೆ. ಅವರು ಬೈಯಲಿಲ್ಲ.

"ಅಯ್ಯೋ ಶಿವನೇ. ಊರೋರ್ ಜೊತೆ ಸೇರ್ಕಂಡು ನಾನೂ ಆಡ್ಕಂತಿದ್ನಲ್ಲಪ್ಪಾ. ಕಣ್ ಮುಚ್ಕಂಡ್ ಗಾಡಿ ಓಡುಸ್ದೋನು ಅಂತ, ಉಣ್ಣಾಕ್ ಕೂತಾಗ್ಲೆಲ್ಲ ಅಂತಿದ್ದೆ. ಒಂದಿನಾದ್ರೂ ಬಾಯ್ ಬುಡ್ಬಾರ್ದಾ ಅವ್ರು? ನೀನಾದ್ರೂ ಒಂದ್ಸಲ ಬಂದು ಹೇಳ್ಬಾರ್ದಿತ್ತಾ?"

ಅದಕ್ಕೆ ಉತ್ತರವಾಗಿ ಈ ಬರಹವನ್ನು ಸಲ್ಲಿಸುತ್ತಿದ್ದೇನೆ.